ಬಿತ್ತಿದವರು ಹೊರಟ ಮೇಲೆ: ಬಾಲಕರ ಹೋಮ್ ಒಂದರ ಕೈತೋಟ

ಮೂಲಂಗಿ ಬಿತ್ತಿದ ಹುಡುಗ ಅದನ್ನು ಕೀಳುವ ಹೊತ್ತಿಗೆ ಅಲ್ಲಿರಲಿಲ್ಲ. ಈ ಪ್ರಕರಣದ ಮುಖ್ಯ ತೊಡಕು ಇದೇ. ಮಣ್ಣು, ನೀರು, ಹುಳ, ದುಡ್ಡು ಎಲ್ಲ ಆಮೇಲಿನ ಮಾತು. ಆಶ್ರಯಧಾಮಗಳಲ್ಲಿ ಮಕ್ಕಳ ಕೈಯಲ್ಲಿ ತೋಟ ಮಾಡಿಸಲು ಹೊರಡುವವರ ತಲೆಯಲ್ಲಿ ಸಾಮಾನ್ಯವಾಗಿ ಶಾಲೆಯ ಕೈತೋಟ ಇರುತ್ತದೆ. ಶಾಲೆಯಲ್ಲಿ ಜೂನ್‌ನಲ್ಲಿ ಬಂದ ಮಗು ಮಾರ್ಚ್‌ವರೆಗೆ ಇರುತ್ತದೆ ಅನ್ನೋ ಭರವಸೆ ಉಂಟು. ಇಲ್ಲಿ ಅದಿಲ್ಲ.

ಜಾಗ ಹಳೇ ಮೈಸೂರು ಕಡೆಯ ಒಂದು ಜಿಲ್ಲಾ ಕೇಂದ್ರ. ಊರಿನ ಹೆಸರು, ಸಂಸ್ಥೆಯ ಹೆಸರು ಹೇಳುವುದಿಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಪ್ರಕಟಿಸಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಇಲ್ಲದಿದ್ದರೂ ಹೇಳುತ್ತಿರಲಿಲ್ಲ ಬಿಡಿ. ಕೆಲವು ಕಡೆ ಇಬ್ಬರು ಮಕ್ಕಳ ವಿವರ ಬೆರೆಸಿ ಬರೆದಿದ್ದೇನೆ.

ನನ್ನ ಪಾತ್ರ ಚಿಕ್ಕದು. ಗಿಡ, ಬೀಜ, ಗೊಬ್ಬರದ ವಿಷಯಕ್ಕೆ ಹೋಗಿ ಬರುತ್ತಿದ್ದೆ. ಮಕ್ಕಳ ಕಷ್ಟಸುಖ ನೋಡಿಕೊಂಡವರು ಅಲ್ಲಿನ ಕೌನ್ಸೆಲರ್ ಮತ್ತು ಹೌಸ್ ಮದರ್. ತೋಟವನ್ನು ನಿಜವಾಗಿ ಉಳಿಸಿದವರು ಅಡುಗೆಯವರು. ಅವರ ಮಾತು ಮುಂದೆ ಬರುತ್ತದೆ.

ಹೋಮ್, ಹುಡುಗರು, ಅಂಗಳ

ಟ್ರಸ್ಟ್ ಒಂದು ನಡೆಸುವ ಬಾಲಕರ ಹೋಮ್ ಇದು. ಸರ್ಕಾರದ ಅನುದಾನ ಇದೆ. 6ರಿಂದ 18 ವರ್ಷದ ಸುಮಾರು 40 ಹುಡುಗರು. ಊರಿನ ಆಟೋದವರು ಈಗಲೂ ‘ರಿಮ್ಯಾಂಡ್ ಹೋಮ್ ಹತ್ರ’ ಅಂತಲೇ ಕರೆತರುತ್ತಾರೆ. ಆದರೆ ಇಲ್ಲಿರುವವರು ಯಾವ ಅಪರಾಧದ ಆರೋಪದಲ್ಲೂ ಬಂದವರಲ್ಲ. ರೈಲ್ವೆ ಸ್ಟೇಷನ್‌ನಲ್ಲಿ ಒಬ್ಬರೇ ಸಿಕ್ಕವರು, ಅಪ್ಪ ಅಮ್ಮ ತೀರಿಕೊಂಡವರು, ಕೆಲಸದಿಂದ ಬಿಡಿಸಿ ಕರೆತಂದವರು, ಕುಡಿದು ಹೊಡೆಯುವ ಅಪ್ಪನಿಂದ ಓಡಿ ಬಂದವರು.

ಇಂಥ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಬಿಟ್ಟು. ಮೊದಲ ಸಲ ಹಾಜರಾದ ದಿನದಿಂದ 4 ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡಬೇಕು ಅನ್ನುತ್ತದೆ ಕಾಯ್ದೆ. ಮನೆ ಪತ್ತೆಯಾದರೆ ಮನೆಗೆ, ಬೇರೆ ಜಿಲ್ಲೆಯವನಾದರೆ ಅಲ್ಲಿನ ಬಾಲಮಂದಿರಕ್ಕೆ, ಯಾರೂ ಇಲ್ಲದಿದ್ದರೆ ಇಲ್ಲೇ. ಹೀಗಾಗಿ ಒಬ್ಬ ಹುಡುಗ ಮೂರು ವಾರ ಇರುತ್ತಾನೆ, ಪಕ್ಕದ ಮಂಚದವನು ಎಂಟು ವರ್ಷದಿಂದ ಇರುತ್ತಾನೆ. ಯಾರು ಎಷ್ಟು ದಿನ ಅನ್ನೋದು ಅವರಿಗೂ ಗೊತ್ತಿರುವುದಿಲ್ಲ. ಆದೇಶ ಬೆಳಿಗ್ಗೆ ಬಂದರೆ ಎಸ್ಕಾರ್ಟ್ ಸಿಬ್ಬಂದಿ ಜೊತೆ ರಾತ್ರಿ ಬಸ್ಸಿಗೇ ಹೊರಟುಬಿಡಬಹುದು.

ಜಾಗದ ವಿಷಯ. 2016ರ ಕೇಂದ್ರ ಮಾದರಿ ನಿಯಮಗಳಲ್ಲಿ 50 ಮಕ್ಕಳ ಹೋಮಿಗೆ ಊಟದ ಹಾಲ್ 800 ಚದರಡಿ, ಅಡುಗೆಮನೆ 250 ಚದರಡಿ ಅಂತ ಅಳತೆ ಕೊಟ್ಟಿದ್ದಾರೆ. ಆಟದ ಮೈದಾನಕ್ಕೆ ಮಾತ್ರ ‘ಸಾಕಷ್ಟು’. ಇಲ್ಲಿ ಆ ಸಾಕಷ್ಟು ಅಂದರೆ ಮುಂದೆ ಒಂದು ವಾಲಿಬಾಲ್ ಕೋರ್ಟು, ಹಿಂದೆ ಒಂದು ಪಾಳು ಅಂಗಳ. ಹಿಂದಿನ ಅಂಗಳದಲ್ಲಿ ಅರ್ಧ ಕಟ್ಟಡ ಒಡೆದ ಕಲ್ಲು ಇಟ್ಟಿಗೆ ಚೂರು, ಇನ್ನರ್ಧ ಕಾಂಗ್ರೆಸ್ ಗಿಡ. ಕಾಂಪೌಂಡಿನ ಉದ್ದಕ್ಕೂ ಹಳದಿ ಕಣಗಿಲೆ. ಅದರ ಬೀಜ ವಿಷ. ಮಕ್ಕಳಿರುವ ಕಡೆ ಇರಲೇಬಾರದ ಗಿಡ. ಯಾರೋ ಬಣ್ಣ ಚೆನ್ನಾಗಿದೆ ಅಂತ ನೆಟ್ಟಿದ್ದರು. ಎಲ್ಲಕ್ಕೂ ಮೊದಲು ಅದನ್ನು ಬೇರು ಸಮೇತ ತೆಗೆಸಿದೆವು. ಹರಳು ಗಿಡ, ಉಮ್ಮತ್ತಿ ಕೂಡ.

ಅಂಗಳದ ಮೂಲೆಯಲ್ಲಿ ನಾಲ್ಕು ಕಬ್ಬಿಣದ ಫಲಕ ನಿಂತಿದ್ದವು. ಪ್ರತಿ ಜೂನ್ 5ರಂದು ಯಾರೋ ಬಂದು ಸಸಿ ನೆಟ್ಟ ನೆನಪಿಗೆ. ದಾನಿಗಳ ಹೆಸರು ಇನ್ನೂ ಓದಲು ಬರುತ್ತಿತ್ತು. ಸಸಿ ಒಂದೂ ಇರಲಿಲ್ಲ.

ನಾವೇನು ತಪ್ಪು ಮಾಡಿದ್ವಿ?

ಗುದ್ದಲಿ, ಬಾಂಡ್ಲಿ ತಂದು ಇಳಿಸಿದ ದಿನ ದೊಡ್ಡ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು: “ಅಕ್ಕಾ, ನಾವೇನು ತಪ್ಪು ಮಾಡಿದ್ವಿ?”

ಅವನು ತಮಾಷೆಗೆ ಕೇಳಿರಲಿಲ್ಲ. ಹಿಂದೆ ಇದ್ದ ಸಿಬ್ಬಂದಿಯೊಬ್ಬರ ಕಾಲದಲ್ಲಿ ಜಗಳ ಆಡಿದವರಿಗೆ ಬಿಸಿಲಲ್ಲಿ ಹುಲ್ಲು ಕೀಳುವ ಶಿಕ್ಷೆ ಇತ್ತಂತೆ. ಇಂಥ ಸಂಸ್ಥೆಯಲ್ಲಿ ಶಿಸ್ತಿನ ಹೆಸರಲ್ಲಿ ದೈಹಿಕ ಶಿಕ್ಷೆ ಕೊಡುವುದು ಅದೇ ಕಾಯ್ದೆಯ 82ನೇ ಸೆಕ್ಷನ್ ಪ್ರಕಾರ ಅಪರಾಧ. ಆ ಸಿಬ್ಬಂದಿ ಹೋಗಿ ತುಂಬಾ ದಿನ ಆಗಿತ್ತು. ಆದರೂ ಹುಡುಗರ ಮನಸ್ಸಲ್ಲಿ ಹಿತ್ತಲು ಅಂದರೆ ಶಿಕ್ಷೆ ಅನ್ನೋದು ಉಳಿದುಬಿಟ್ಟಿತ್ತು.

ಅದಕ್ಕೆ ಒಂದು ತಿಂಗಳು ಏನನ್ನೂ ಬಿತ್ತಲಿಲ್ಲ. ಮಾತು ಮಕ್ಕಳ ಸಮಿತಿಗೆ ಹೋಯಿತು. ಮಾದರಿ ನಿಯಮಗಳ ಪ್ರಕಾರ ಪ್ರತಿ ಹೋಮಿನಲ್ಲೂ 6ರಿಂದ 10, 11ರಿಂದ 15, 16ರಿಂದ 18 ವರ್ಷದವರ ಬೇರೆ ಬೇರೆ ಮಕ್ಕಳ ಸಮಿತಿ ಇರಬೇಕು. ಎಷ್ಟೋ ಕಡೆ ಇದು ಬರೀ ರಿಜಿಸ್ಟರಿನಲ್ಲಿ ಇರುತ್ತದೆ. ಇಲ್ಲೂ ಹಾಗೇ ಇತ್ತು. ತೋಟದ ನೆಪದಲ್ಲಿ ಅದಕ್ಕೆ ಜೀವ ಬಂತು ಅಂತಲೇ ಹೇಳಬೇಕು. ಹುಡುಗರೇ ಮೂರು ಮಾತು ಬರೆಸಿದರು. ಬೇಡ ಅಂದವರು ಬರಬೇಕಾಗಿಲ್ಲ. ತೋಟದ ಕೆಲಸ ಶಿಕ್ಷೆಗೆ ಬಳಸಬಾರದು, ತೋಟಕ್ಕೆ ಹೋಗಬೇಡ ಅನ್ನೋದೂ ಶಿಕ್ಷೆ ಆಗಬಾರದು. ಬೆಳೆದದ್ದನ್ನು ಏನು ಮಾಡಬೇಕು ಅಂತ ಬೆಳೆದವನೇ ಹೇಳಬೇಕು.

ಎರಡನೆಯ ಮಾತಿನ ಅರ್ಧ ಭಾಗ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಆಮೇಲೆ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ. ‘ಹೋಂವರ್ಕ್ ಮಾಡಿಲ್ಲ ಅಂದ್ರೆ ಇವತ್ತು ತೋಟ ಇಲ್ಲ’ ಅನ್ನೋ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ, ಅಲ್ವಾ?

ಮುಂದೆ ಪರಿಶೀಲನಾ ಸಮಿತಿ ಬಂದಾಗ ಒಬ್ಬರು ನೇರವಾಗಿ ಕೇಳಿದರು, ಇದು ಬಾಲಕಾರ್ಮಿಕ ಕೆಲಸ ಅಲ್ಲವಾ ಅಂತ. ಕೇಳಬೇಕಾದ ಪ್ರಶ್ನೆಯೇ. ಮಕ್ಕಳು ಬೆಳೆದ ಸೊಪ್ಪಿನಿಂದ ಸಂಸ್ಥೆಯ ತರಕಾರಿ ಬಿಲ್ ಕಡಿಮೆಯಾದರೆ ಅದು ದುಡಿಸಿಕೊಂಡ ಹಾಗೇ ಆಗುತ್ತದೆ. ಅದಕ್ಕೆ ತರಕಾರಿ ಖರೀದಿಯಲ್ಲಿ ಒಂದು ಕಿಲೋ ಕೂಡ ಕಡಿಮೆ ಮಾಡಬಾರದು ಅಂತ ಮೊದಲೇ ತೀರ್ಮಾನವಾಗಿತ್ತು. ತೋಟದ್ದು ಬಂದರೆ ಅದು ಹೆಚ್ಚುವರಿ. ಮಕ್ಕಳ ಸಮಿತಿಯ ಪುಸ್ತಕ, ಖರೀದಿ ಲೆಕ್ಕ ಎರಡನ್ನೂ ತೋರಿಸಿದ ಮೇಲೆ ಅವರು ಒಪ್ಪಿದರು. ದಿನಕ್ಕೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಡ ಅಂತ ಬರೆದು ಹೋದರು.

ಮೊದಲ ಬೆಳೆ, ಅಡುಗೆಮನೆಯ ಜಗಳ

ಡೆಬ್ರಿಸ್ ಇದ್ದ ಕಡೆ ನೆಲ ಅಗೆಯುವುದು ಆಗದ ಮಾತು. ಹಾಗಾಗಿ ಇಟ್ಟಿಗೆ ಚೂರುಗಳನ್ನೇ ಸುತ್ತ ಜೋಡಿಸಿ, ಒಳಗೆ ಕೆರೆಗೋಡು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಎತ್ತರದ ಮಡಿ ಮಾಡಿದೆವು. ಅಗಲ ಮೂರು ಅಡಿ. ಅದಕ್ಕಿಂತ ಅಗಲ ಮಾಡಿದರೆ ಚಿಕ್ಕ ಮಕ್ಕಳ ಕೈ ಮಧ್ಯಕ್ಕೆ ಎಟುಕುವುದಿಲ್ಲ, ಮಡಿ ಮೇಲೇ ಹತ್ತಿ ತುಳಿಯುತ್ತಾರೆ.

ಮೊದಲ ಸಲ ಎಲ್ಲ ಮಡಿಯೂ ಎಲ್ಲರದು. ಕೇಳಲು ಚೆಂದ. ಆದರೆ ಎಲ್ಲರದು ಅಂದರೆ ಯಾರದೂ ಅಲ್ಲ ಅಂತ ಎರಡು ವಾರದಲ್ಲೇ ಗೊತ್ತಾಯಿತು. ನೀರು ಹಾಕುವಾಗ ಯಾರೂ ಇಲ್ಲ, ಟೊಮೆಟೊ ಕೆಂಪಾಗುವಾಗ ಎಲ್ಲರೂ ಇದ್ದರು. ರಾತ್ರಿ ಹೋಗಿ ಅರೆಹಣ್ಣು ಕಿತ್ತು ದಿಂಬಿನ ಕೆಳಗೆ ಇಟ್ಟುಕೊಂಡವರೂ ಇದ್ದರು. ಕಾವಲಿನವರು ಅದನ್ನು ಕಳ್ಳತನ ಅಂತ ಬರೆದರು. ಕೌನ್ಸೆಲರ್ ಒಪ್ಪಲಿಲ್ಲ. ಊಟ ಸಿಗುತ್ತದೋ ಇಲ್ಲವೋ ಅಂತ ಬೆಳೆದ ಮಗು ತಿನ್ನೋದನ್ನು ಬಚ್ಚಿಡುತ್ತದೆ, ಹೊಟ್ಟೆ ತುಂಬಿದ್ದರೂ ಬಚ್ಚಿಡುತ್ತದೆ. ಅದಕ್ಕೆ ಬೈದರೆ ಪ್ರಯೋಜನ ಇಲ್ಲ. ಕಿತ್ತ ತಕ್ಷಣ ಅಲ್ಲೇ ತಿನ್ನಬಹುದಾದ ಒಂದು ಮಡಿ ಬೇಕು ಅಂದರು. ನಲ್ಲಿ ಪಕ್ಕ ಚೆರ್ರಿ ಟೊಮೆಟೊ, ಕ್ಯಾರೆಟ್ ಹಾಕಿದೆವು. ಯಾರನ್ನೂ ಕೇಳಬೇಕಾಗಿಲ್ಲ, ತೊಳೆದು ತಿನ್ನುವುದು. ದಿಂಬಿನ ಕೆಳಗಿನ ಟೊಮೆಟೊ ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು.

ಇನ್ನು ಅಡುಗೆಯವರು. ಐವತ್ತು ದಾಟಿದ ಹೆಂಗಸು, ಮಕ್ಕಳೆಲ್ಲ ‘ಅಡುಗೆ ಅಮ್ಮ’ ಅನ್ನುತ್ತಾರೆ. ಮೊದಲ ಕೊಯ್ಲಿನ ದಂಟಿನ ಸೊಪ್ಪನ್ನು ಹುಡುಗರು ಮೆರವಣಿಗೆಯಲ್ಲಿ ತಂದು ಅವರ ಮುಂದೆ ಇಟ್ಟರು. ಅವರು ಒಂದು ಕಟ್ಟು ಎತ್ತಿ ನೋಡಿ, ಬೇರಿನ ಮಣ್ಣು ಕೊಡವಿದರು. “ಈ ಎರಡು ಕಿಲೋ ಸೊಪ್ಪು 40 ಜನಕ್ಕೆ ಯಾವ ಮೂಲೆಗೆ ಸಾಲುತ್ತಪ್ಪಾ? ಬಿಡಿಸೋರು ಯಾರು? ತೊಳೆಯೋರು ಯಾರು? ನನಗೆ ಇರೋದು ಎರಡೇ ಕೈ.”

ಹುಡುಗರ ಮುಖ ಬಾಡಿತು. ಆದರೆ ಅವರು ಹೇಳಿದ್ದು ಸರಿಯೇ. ಮೂರಡಿ ಅಗಲ, ಹತ್ತಡಿ ಉದ್ದದ ಮಡಿಯಲ್ಲಿ ಒಂದು ಕೊಯ್ಲಿಗೆ ಎರಡು ಮೂರು ಕಿಲೋ ದಂಟು ಬಂದರೆ ಹೆಚ್ಚು. 40 ಜನರ ಪಲ್ಯಕ್ಕೆ ಅದು ಎಲ್ಲೂ ಸಾಲದು. ಕೈತೋಟದ ಬಗ್ಗೆ ಮಾತಾಡುವವರು ಬೀಜದ ಲೆಕ್ಕ ಹೇಳುತ್ತಾರೆ, ಪಾತ್ರೆಯ ಲೆಕ್ಕ ಹೇಳುವುದಿಲ್ಲ. ಆ ಸೊಪ್ಪು ಎರಡು ದಿನ ಅಲ್ಲೇ ಬಾಡಿ ಹೊರಗೆ ಹೋಯಿತು.

ದಾರಿ ತೋರಿಸಿದ್ದು ಅಡುಗೆ ಅಮ್ಮನೇ. ಮುಂದಿನ ವಾರ ಅವರೇ ಹಿತ್ತಲಿಗೆ ಬಂದು, ನಾವು ಕಳೆ ಅಂತ ಕಿತ್ತು ಗುಡ್ಡೆ ಹಾಕಿದ್ದರಲ್ಲಿ ಕೈಯಾಡಿಸಿದರು. “ಅಯ್ಯೋ, ಇದು ಅಣ್ಣೆ ಸೊಪ್ಪು. ಇದು ಹೊನಗೊನ್ನೆ. ಗೋಣಿ ಸೊಪ್ಪನ್ನ ಯಾರಾದ್ರೂ ಬಿಸಾಕ್ತಾರಾ?” ಅಂದರು. ಹಳೇ ಮೈಸೂರಿನ ಹೊಲದ ಬದುಗಳಲ್ಲಿ ಹೆಂಗಸರು ಆರಿಸಿ ತರುವ ಬೆರಕೆ ಸೊಪ್ಪು. ಒಂದೊಂದೂ ಹಿಡಿಯಷ್ಟೇ ಇದ್ದರೂ ಪರವಾಗಿಲ್ಲ, ಎಲ್ಲ ಸೇರಿಸಿ ಬೇಳೆ ಜೊತೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಇಲ್ಲವೇ ಕಾಳು ಹಾಕಿ, ಬಸಿದು ಬಸ್ಸಾರು. ಬೇಳೆ, ಕಾಳು ಹೋಮಿನ ಸ್ಟೋರಿನಿಂದ, ಸೊಪ್ಪು ಮಾತ್ರ ತೋಟದಿಂದ. ಯಾವ ಮಡಿಯಿಂದ ಎಷ್ಟು ಬಂತು ಅನ್ನೋ ತಲೆನೋವೇ ಇಲ್ಲ.

ಬುಧವಾರ ಮುದ್ದೆ, ಬೆರಕೆ ಸೊಪ್ಪಿನ ಸಾರು ಅಂತ ಗೊತ್ತಾಯಿತು. ಮಂಗಳವಾರ ಸಂಜೆ ಜಗುಲಿಯಲ್ಲಿ ಕೂತು ಹುಡುಗರು ಸೊಪ್ಪು ಬಿಡಿಸುತ್ತಾರೆ. ಈ ಅರ್ಧ ಗಂಟೆ ತೋಟಕ್ಕಿಂತ ಹೆಚ್ಚಿನದು ಅಂತ ನನ್ನ ಅಭಿಪ್ರಾಯ. ಕೈಗೆ ಕೆಲಸ ಇದೆ, ಕಣ್ಣು ಸೊಪ್ಪಿನ ಮೇಲೆ. ಎದುರು ಕೂರಿಸಿಕೊಂಡು ‘ನಿನ್ನ ಮನೆ ಎಲ್ಲಿ, ಏನಾಯ್ತು’ ಅಂತ ಕೇಳಿದರೆ ಬಾಯಿ ಬಿಡದವರು ಇಲ್ಲಿ ತಾವಾಗಿಯೇ ಏನಾದರೂ ಹೇಳುತ್ತಾರೆ.

ಪುಂಡಿ ಕೇಳಿದ ಹುಡುಗ

ಹಾಗೆ ಹೇಳಿದವರಲ್ಲಿ ಒಬ್ಬ ಹತ್ತು ವರ್ಷದವನು. ಸ್ಟೇಷನ್‌ನಲ್ಲಿ ಸಿಕ್ಕಿದ್ದ. ಊರು ಬೆಂಗಳೂರು ಅಂತ ಹೇಳಿದ್ದು ಬಿಟ್ಟರೆ ಮಾತಿಲ್ಲ. ಒಂದು ಮಂಗಳವಾರ ಸೊಪ್ಪಿನ ರಾಶಿ ನೋಡಿ, “ಪುಂಡಿಪಲ್ಯ ಇಲ್ಲೇನ್ರಿ?” ಅಂದ. ಜಗುಲಿಯಲ್ಲಿದ್ದವರಿಗೆ ಅದೇನು ಅಂತಲೇ ಗೊತ್ತಾಗಲಿಲ್ಲ. ಕೌನ್ಸೆಲರ್‌ಗೆ ಗೊತ್ತಾಯಿತು, ಪುಂಡಿ ಅಂದರೆ ಒಂದು ಹುಳಿ ಸೊಪ್ಪು. ಬೆಂಗಳೂರಿನ ಹುಡುಗ ಪುಂಡಿಪಲ್ಯ ಅನ್ನುವುದಿಲ್ಲ, ಹಾಗೆ ಅನ್ನುವುದು ಕಲಬುರಗಿ, ರಾಯಚೂರು, ವಿಜಯಪುರದ ಕಡೆ. ಫೈಲಿನಲ್ಲಿ ಬರೆದುಕೊಂಡರು. ಅದೊಂದರಿಂದಲೇ ಮನೆ ಸಿಗಲಿಲ್ಲ. ಆದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಹುಡುಕುವ ದಿಕ್ಕು ಬದಲಾಯಿತು.

ಮೂಲಂಗಿ ಬಿತ್ತಿದವನು ಇವನೇ. ಅಷ್ಟು ಹೊತ್ತಿಗೆ ಎಲ್ಲರ ಮಡಿ ಬಿಟ್ಟು, ಒಬ್ಬೊಬ್ಬರಿಗೆ ಮೂರಡಿ ಚೌಕದ ತುಂಡು ಕೊಟ್ಟಿದ್ದೆವು. ಹೆಸರು ಬರೆಯುವಂತಿಲ್ಲ, ಹೊರಗಿನವರು ಬಂದರೆ ಓದಬಹುದು. ಹಾಗಾಗಿ ಒಬ್ಬೊಬ್ಬನದು ಒಂದೊಂದು ಬಣ್ಣದ ಕಲ್ಲು. ಇವನದು ಹಳದಿ ಮೇಲೆ ಕಪ್ಪು ಚುಕ್ಕಿ. ಮೂಲಂಗಿ ಮೂರು ನಾಲ್ಕು ದಿನದಲ್ಲೇ ಮೊಳೆಯುತ್ತದೆ. ಕೊತ್ತಂಬರಿ ಹಾಗಲ್ಲ, ವಾರ ಹತ್ತು ದಿನ ಕಾಯಿಸುತ್ತದೆ, ಬೀಜ ಎರಡು ಹೋಳು ಮಾಡದಿದ್ದರೆ ಇನ್ನೂ ತಡ. ಕಾಯಲು ನಂಬಿಕೆ ಇಲ್ಲದ ಮಗುವಿಗೆ ಮೊದಲು ಕೊಡಬೇಕಾದ್ದು ಮೂಲಂಗಿ ಬೀಜ.

ಗೆಡ್ಡೆ ಹೆಬ್ಬೆರಳ ಗಾತ್ರ ಆಗಿದ್ದಾಗ ಆದೇಶ ಬಂತು. ಅವನ ಜಿಲ್ಲೆಗೆ ವರ್ಗಾವಣೆ. ಚೀಲ ಕಟ್ಟಿಕೊಂಡು ನಿಂತಾಗ ಅವನು ಕೇಳಿದ್ದು ಒಂದೇ: “ನನ್ ಮೂಲಂಗಿ ಯಾರ್ ನೋಡ್ತಾರ್ರಿ?” ಅಲ್ಲಿದ್ದ ಯಾರ ಹತ್ತಿರವೂ ತಯಾರಾದ ಉತ್ತರ ಇರಲಿಲ್ಲ.

ಆಮೇಲೆ ಅವನ ಗೆಳೆಯ, ಒಂಬತ್ತು ವರ್ಷದವನು, ಆ ತುಂಡಿನ ಹತ್ತಿರ ಯಾರನ್ನೂ ಬಿಡಲಿಲ್ಲ. ಕೀಳಲು ಬಂದವನೊಬ್ಬನಿಗೆ ಹೊಡೆದೇಬಿಟ್ಟ. ಮೂಲಂಗಿ ಬಲಿತು, ಸೀಳಿ, ಬೆಂಡಾಗಿ ಹೂ ಬಿಟ್ಟಿತು. ಮಕ್ಕಳ ಸಮಿತಿಯಲ್ಲಿ ಅದರ ಬಗ್ಗೆ ದೊಡ್ಡ ಚರ್ಚೆ. ಹೋದವನ ಬೆಳೆ ಯಾರದು? ಹೋಮಿನದಾ? ಗೆಳೆಯನದಾ? ಮೊದಲು ಕಿತ್ತವನದಾ? ದೊಡ್ಡವರ ಆಸ್ತಿ ವ್ಯಾಜ್ಯಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ.

ಕೊನೆಗೆ ಅವರೇ ಕಂಡುಕೊಂಡ ದಾರಿಗೆ ‘ಜೋಡಿ’ ಅಂತ ಹೆಸರು. ಬಿತ್ತುವ ದಿನವೇ ಪ್ರತಿಯೊಬ್ಬನೂ ತನ್ನ ಜೋಡಿ ಯಾರು ಅಂತ ಹೇಳಬೇಕು. ಒಬ್ಬ ಹೋದರೆ ತುಂಡು ಇನ್ನೊಬ್ಬನದು, ಕಲ್ಲು ಅಲ್ಲೇ ಇರುತ್ತದೆ. ಹೋಗುವವನು ಹಿಂದಿನ ಬೆಳೆಯ ಬೀಜ ಇದ್ದರೆ ಕಾಗದದಲ್ಲಿ ಕಟ್ಟಿಕೊಂಡು ಹೋಗಬಹುದು. ಹೋಗುವುದು ಸಂಕಟ ಹೌದು, ಆದರೆ ‘ಏನಾಗುತ್ತೋ’ ಅನ್ನೋದಕ್ಕೆ ಒಂದು ಉತ್ತರ ಮೊದಲೇ ಇರುತ್ತದೆ. ಕೌನ್ಸೆಲರ್ ಇದನ್ನು ಪ್ರತಿ ಮಗುವಿಗೂ ಮಾಡಬೇಕಾದ ವೈಯಕ್ತಿಕ ಆರೈಕೆ ಯೋಜನೆಯಲ್ಲೇ ಬರೆಯತೊಡಗಿದರು. ಹೊಸದಾಗಿ ಬಂದವನಿಗೆ ಹಳಬನ ಜೋಡಿ ಸಿಗುವ ಹಾಗೆ ನೋಡಿಕೊಂಡರು.

ಬೆಳೆಯ ಆಯ್ಕೆಯೂ ಇದರ ಮೇಲೇ ನಿಂತಿತು. ಹೊಸಬರ ತುಂಡಿಗೆ ಮೆಂತ್ಯ, ದಂಟು, ಮೂಲಂಗಿ. ಮೊದಲೆರಡು 25ರಿಂದ 30 ದಿನಕ್ಕೆ ಕೈಗೆ ಬರುತ್ತವೆ, ಮೂಲಂಗಿ 45ರ ಹೊತ್ತಿಗೆ. ಬೆಂಡೆ ಕೂಡ 45–50 ದಿನಕ್ಕೆ ಕಾಯಿ ಬಿಡುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಹಾಕಿದೆವು, ಹಳದಿ ನಂಜು ರೋಗ ತಡೆದುಕೊಳ್ಳಲಿ ಅಂತ. ಇವೆಲ್ಲ ಆ 4 ತಿಂಗಳ ಒಳಗೆ ಮುಗಿಯುವ ಬೆಳೆ. ಕುಂಬಳ, ಪಪ್ಪಾಯ, ನುಗ್ಗೆ, ಕರಿಬೇವು ಉಳಿಯುವವರ ಲೆಕ್ಕ.

ಜೋಡಿ ಪದ್ಧತಿ ಚೆನ್ನಾಗಿ ಕೆಲಸ ಮಾಡಿತು. ಒಬ್ಬನಿಗೆ ಮಾತ್ರ ಭಾರವಾಯಿತು.

ಹದಿಮೂರು ವರ್ಷದವನು, ತುಂಬಾ ಚಿಕ್ಕವನಿದ್ದಾಗಲೇ ಬಂದವನು. ಎಲ್ಲರಿಗೂ ಬೇಕಾದ ಹುಡುಗ. ಹೊಸಬರೆಲ್ಲ ಅವನನ್ನೇ ಜೋಡಿ ಅಂದರು. ಅವರು ಒಬ್ಬೊಬ್ಬರಾಗಿ ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಪಾಲಿಗೆ ನಾಲ್ಕು ತುಂಡು, ನಾಲ್ಕು ಬಣ್ಣದ ಕಲ್ಲು. ಒಂದು ಸಂಜೆ ನಾಲ್ಕನ್ನೂ ತೆಗೆದು ಕಾಂಪೌಂಡಿನ ಆಚೆ ಎಸೆದ. “ಎಲ್ರೂ ಹೋಗ್ತಾರೆ. ಉಳಿಯೋನು ನಾನೇ. ನನಗ್ಯಾಕೆ?”

ಯಾರೂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು. ಯಾರಿಗೂ ಎರಡಕ್ಕಿಂತ ಹೆಚ್ಚು ಜೋಡಿ ಬೇಡ, ಒಲ್ಲೆ ಅನ್ನುವ ಹಕ್ಕೂ ಇರಲಿ ಅಂತ ಮಕ್ಕಳ ಸಮಿತಿ ತಿದ್ದಿತು. ಅವನು ಕೆಲವು ವಾರ ತೋಟಕ್ಕೆ ಬರಲಿಲ್ಲ. ಆಮೇಲೆ ಬಂದು ಜೋಡಿ ಬೇಡ, ಒಂದು ಮರ ಬೇಕು ಅಂದ. ನುಗ್ಗೆ ಕೊಟ್ಟೆವು. ಕೌನ್ಸೆಲರ್ ಅವನ ಫೈಲನ್ನು ಮತ್ತೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಒಯ್ದು, ಸಾಕು ಕುಟುಂಬದ ಸಾಧ್ಯತೆ ಹುಡುಕಿ ಅಂತ ಕೇಳಿದರು. ಆ ಪ್ರಯತ್ನ ನಡೆಯುತ್ತಿದೆ.

ತೋಟ ಮಕ್ಕಳ ಗಾಯ ಮಾಯಿಸುತ್ತದೆ ಅಂತ ಬರೆಯುವವರಿಗೆ ಈ ನಾಲ್ಕು ಕಲ್ಲು ತೋರಿಸಬೇಕು ಅನ್ನಿಸುತ್ತದೆ. ತೋಟದಿಂದಲೂ ನೋವಾಗುತ್ತದೆ. ಬೇರೆ ಕಡೆ ಮುಚ್ಚಿಹೋಗುವ ನೋವು ಇಲ್ಲಿ ಕಣ್ಣಿಗೆ ಬೀಳುತ್ತದೆ, ಅಷ್ಟೇ ಲಾಭ.

ಬೀದಿಯವರು

ಏಪ್ರಿಲ್, ಮೇ ತಿಂಗಳಲ್ಲಿ ಸಂಬಂಧಿಕರಿರುವ ಮಕ್ಕಳು ಕಲ್ಯಾಣ ಸಮಿತಿಯ ಒಪ್ಪಿಗೆ ಪಡೆದು ರಜೆಗೆ ಹೋಗುತ್ತಾರೆ. ಮೊದಲ ಬೇಸಿಗೆಯಲ್ಲಿ ಮಡಿಗಳೆಲ್ಲ ಒಣಗಿದ್ದವು. ಉಳಿದ ಹುಡುಗರು ಮೊದಲೇ ಮನಸ್ಸು ಕೆಡಿಸಿಕೊಂಡಿರುತ್ತಾರೆ, ಅವರ ತಲೆಗೆ ನೀರು ಹಾಕುವ ಕೆಲಸ ಕಟ್ಟುವುದು ಸರಿಯಲ್ಲ. ಆಗ ಬಂದದ್ದು ಅಕ್ಕಪಕ್ಕದವರನ್ನು ಸೇರಿಸಿಕೊಳ್ಳುವ ಯೋಚನೆ. ರಸ್ತೆ ಕಡೆಯ ಎಂಟು ಮಡಿಯನ್ನು ಬೀದಿಯ ಎಂಟು ಮನೆಗೆ ಕೊಡುವುದು. ಅವರು ತಮ್ಮದನ್ನು ಬೆಳೆದುಕೊಳ್ಳಲಿ, ಬೇಸಿಗೆಯಲ್ಲಿ ಮಕ್ಕಳ ಮಡಿಗೂ ನೀರು ಬಿಡಲಿ.

ಹೋಮಿನ ನಿರ್ವಹಣಾ ಸಮಿತಿ ಸುಲಭಕ್ಕೆ ಒಪ್ಪಲಿಲ್ಲ. ಒಪ್ಪಬಾರದು ಕೂಡ. ಹೊರಗಿನವರು ಮಕ್ಕಳ ಹತ್ತಿರ ಬರುತ್ತಾರೆ ಅಂದರೆ ಪೊಲೀಸ್ ಪರಿಶೀಲನೆ ಆಗಬೇಕು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರುವಂತಿಲ್ಲ, ಸಿಬ್ಬಂದಿ ಕಣ್ಣಳತೆಯಲ್ಲಿ ಇರಲೇಬೇಕು. ಮೊಬೈಲ್ ಗೇಟಿನ ಡಬ್ಬಿಯಲ್ಲಿ. ಫೋಟೋ ಇಲ್ಲ, ತಿಂಡಿ ಪೊಟ್ಟಣ ಇಲ್ಲ, ‘ನಿಮ್ಮಪ್ಪ ಏನ್ ಮಾಡ್ತಾರೆ’ ಅನ್ನೋ ಪ್ರಶ್ನೆ ಇಲ್ಲ. ನಿಯಮ ಕೇಳಿಯೇ ಮೂರು ಮನೆಯವರು ಹಿಂದೆ ಸರಿದರು. ಐದು ಉಳಿದವು. ರಿಟೈರ್ ಆದ ಬಸ್ ಡ್ರೈವರ್ ಒಬ್ಬರು, ಮಗ ಸೊಸೆ ದೂರ ಇರುವ ಒಬ್ಬ ಅಜ್ಜಿ, ಹೀಗೆ.

ಇಲ್ಲಿ ಒಂದು ಮಾತು. ಹೋಮಿನ ಹುಡುಗರಿಗೆ ಹೊರಗಿನವರು ಹೊಸಬರಲ್ಲ. ವಾರಕ್ಕೊಬ್ಬರಾದರೂ ಹುಟ್ಟುಹಬ್ಬ ಆಚರಿಸಲು ಬರುತ್ತಾರೆ. ಕೇಕ್ ಕತ್ತರಿಸಿ, ಬಿರಿಯಾನಿಯೋ ಪಲಾವೋ ಹಂಚಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಕೇಳಿ, ಹೊರಟುಹೋಗುತ್ತಾರೆ. ಒಳ್ಳೆಯ ಮನಸ್ಸಿಂದಲೇ ಬರುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಹುಡುಗ ಯಾವಾಗಲೂ ಕೈ ಒಡ್ಡುವವನು. ಮಡಿ ಹತ್ತಿರ ಹಾಗಲ್ಲ. ಅಜ್ಜಿಯ ಬದನೆಗೆ ಹೇನು ಬಿದ್ದಾಗ ಬೇವಿನೆಣ್ಣೆ ಕಲಸಿ ಕೊಟ್ಟವರು ಹುಡುಗರು. ಅಜ್ಜಿ ಬಸಳೆ ಬಳ್ಳಿ ತುಂಡು ಮಾಡಿ ಕೊಟ್ಟರು. “ನಮ್ ಬಳ್ಳಿ ಚಿಗುರ್ತು ಅಜ್ಜಿ” ಅಂತ ಹೇಳಲು ಒಬ್ಬ ಗೇಟಿನ ಹತ್ತಿರ ಕಾಯುತ್ತಾನೆ. ಡ್ರೈವರ್ ತಾತ ಗದರುತ್ತಾರೆ, ಹುಡುಗರು ತಿರುಗಿ ಮಾತಾಡುತ್ತಾರೆ. ಯಾರೂ ಯಾರಿಗೂ ಋಣಿಯಲ್ಲ.

ನೀರು, ಹುಳದ ಕಥೆ ಬೇಗ ಮುಗಿಸುತ್ತೇನೆ. ಸ್ನಾನದ ನೀರನ್ನು ಬಾಳೆ, ಕೆಸುವಿನ ಗುಂಡಿಗೆ ತಿರುಗಿಸಿದೆವು. ಬಟ್ಟೆ ಒಗೆದ ಡಿಟರ್ಜೆಂಟ್ ನೀರು ಬೇಡ ಅಂತ ಬಿಟ್ಟೆವು, ಮಣ್ಣು ಚವುಳಾಗುತ್ತದೆ. ಅನ್ನ, ಸಾರು ಗೊಬ್ಬರ ಗುಂಡಿಗೆ ಹಾಕಿದರೆ ಇಲಿ ಬರುತ್ತದೆ, ಹಸಿ ಸಿಪ್ಪೆ ಮಾತ್ರ. ಮಳೆ ಬಿದ್ದ ಮೇಲೆ ಆಫ್ರಿಕನ್ ಬಸವನಹುಳು ಮುತ್ತಿದವು. ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಿಗ್ಗೆ ಅದರ ಕೆಳಗೆ ಸೇರಿಕೊಂಡಿರುತ್ತವೆ. ಅವುಗಳಿಂದ ರೋಗಾಣು ಬರಬಹುದು, ಬರಿಗೈಯಲ್ಲಿ ಮುಟ್ಟುವಂತಿಲ್ಲ, ಅದು ದೊಡ್ಡವರ ಕೆಲಸ. ರಾಸಾಯನಿಕ ಕೀಟನಾಶಕ ಒಂದು ಹನಿಯೂ ಒಳಗೆ ಬರಬಾರದು. ಕುಡುಗೋಲು, ಕುರ್ಪಿ ಎಣಿಸಿ ಕೊಡುವುದು, ಎಣಿಸಿ ಬೀಗ ಹಾಕುವುದು. ಮಣ್ಣಲ್ಲಿ ಆಡುವ ಮಕ್ಕಳಿಗೆ 10 ಮತ್ತು 16ನೇ ವರ್ಷದ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆ ಆಗಿದೆಯಾ ನೋಡಿ, ಜಂತುಹುಳದ ಮಾತ್ರೆ ತಪ್ಪಿಸಬಾರದು.

ಈಗ ಎಲ್ಲಿದೆ

ಇಷ್ಟರಿಂದ ಏನು ಬದಲಾಯಿತು ಅಂತ ಕೇಳಿದರೆ ಅಂಕಿ ಅಂಶ ಕೊಡಲು ನಾವೇನೂ ಅಳೆದಿಲ್ಲ. ಕಂಡದ್ದು ಹೇಳಬಹುದು. ಸೊಪ್ಪಿನ ಸಾರಿನ ದಿನ ತಟ್ಟೆಯಲ್ಲಿ ಬಿಡುವುದು ಕಡಿಮೆ. ಮಕ್ಕಳ ಸಮಿತಿ ಈಗ ಊಟ, ಟಿವಿ, ಸೋಪಿನ ಬಗ್ಗೆಯೂ ಜಗಳ ತೆಗೆಯುತ್ತದೆ, ಸಿಬ್ಬಂದಿಗೆ ಅದರಿಂದ ಸ್ವಲ್ಪ ಕಿರಿಕಿರಿ. 40ರಲ್ಲಿ ಹನ್ನೆರಡು ಹದಿಮೂರು ಹುಡುಗರು ತೋಟದ ಕಡೆ ತಲೆ ಹಾಕುವುದೇ ಇಲ್ಲ. ಅವರಿಗೆ ವಾಲಿಬಾಲ್ ಸಾಕು. ಹಾಗೆ ಬರದಿರುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ ಅನ್ನೋದು ನನಗೆ ತೋಟದಷ್ಟೇ ಮುಖ್ಯ.

ಖರ್ಚು ಹೆಚ್ಚಿಲ್ಲ. ಮಣ್ಣು, ಗೊಬ್ಬರ, ಪೈಪು ಒಂದು ಸಲದ್ದು. ಬೀಜ ತೋಟಗಾರಿಕೆ ಇಲಾಖೆಯ ನರ್ಸರಿಯಿಂದ, ಬೀದಿಯವರಿಂದ. ದುಬಾರಿ ಆಗುವುದು ಆಳಿನ ಸಮಯ. ಸಂಜೆ ಮುಕ್ಕಾಲು ಗಂಟೆ ಹೌಸ್ ಮದರ್ ಹಿತ್ತಲಲ್ಲಿ ಇರಬೇಕು ಅಂದರೆ ಒಳಗೆ ಇನ್ನೊಬ್ಬರು ಇರಬೇಕು. ಅವರು ರಜೆ ಹಾಕಿದ ದಿನ ತೋಟವೂ ರಜೆ. ಇದಕ್ಕೆ ಇನ್ನೂ ಪರಿಹಾರ ಸಿಕ್ಕಿಲ್ಲ.

ಸೂಪರಿಂಟೆಂಡೆಂಟ್ ಬದಲಾಗಿದ್ದಾರೆ. ಹೊಸಬರಿಗೆ ರಸ್ತೆ ಕಡೆಯ ಮಡಿಗಳ ಜಾಗದಲ್ಲಿ ಬೈಕ್ ಶೆಡ್ ಬೇಕು. ಮಳೆಗೆ ಸಿಬ್ಬಂದಿಯ ಗಾಡಿಗಳು ನೆನೆಯುತ್ತವೆ, ಅವರ ಮಾತಲ್ಲೂ ನ್ಯಾಯ ಇದೆ. ಮಕ್ಕಳ ಸಮಿತಿ ಲಿಖಿತವಾಗಿ ಬೇಡ ಅಂದಿದೆ. ಡ್ರೈವರ್ ತಾತ ತಮ್ಮ ಮನೆ ಮುಂದೆ ನಾಲ್ಕು ಬೈಕ್ ನಿಲ್ಲಿಸಿಕೊಳ್ಳಿ ಅಂತ ಹೇಳಿ ಕಳಿಸಿದ್ದಾರೆ. ವಿಷಯ ನಿರ್ವಹಣಾ ಸಮಿತಿಯ ಮುಂದಿನ ಸಭೆಗೆ ಹೋಗಿದೆ.

ಈ ನಡುವೆ ಬೋರ್‌ವೆಲ್ ಸೊರಗಿದೆ. ಬೇಸಿಗೆಗೆ ಸ್ನಾನದ ನೀರಿನ ಗುಂಡಿಯ ಬಾಳೆ, ಕೆಸು, ಬಸಳೆ ಮತ್ತು ನುಗ್ಗೆ ಮಾತ್ರ. ಉಳಿದ ಮಡಿಗಳಿಗೆ ಒಣ ತರಗು ಹೊದಿಸಿ ಬಿಡುವುದು, ಮೇ ತಿಂಗಳ ಮೊದಲ ಹದ ಮಳೆಗೆ ಹುರುಳಿ ಚೆಲ್ಲುವುದು, ಹೂವಿಗೆ ಬರುವ ಮುಂಚೆ ಮಣ್ಣಿಗೆ ಮಗುಚುವುದು ಅಂತ ತೀರ್ಮಾನವಾಗಿದೆ. ಹುರುಳಿ ಚೆಲ್ಲುವ ಹೊತ್ತಿಗೆ ಯಾರ್ಯಾರು ಇರುತ್ತಾರೆ ಅಂತ ಗೊತ್ತಿಲ್ಲದ ಕಾರಣ, ಆ ಕೆಲಸಕ್ಕೆ ಮಕ್ಕಳ ಸಮಿತಿಯವರು ಹುಡುಗರ ಹೆಸರು ಬರೆದಿಲ್ಲ. ಅಜ್ಜಿಯದು, ಅಡುಗೆ ಅಮ್ಮನದು ಬರೆದಿದ್ದಾರೆ.